ಹೀಟರ್ ಆರದ ಭಾನುವಾರ

"ಅಜ್ಜೀ, ಅದು ಟಕ್ ಅನ್ಲಿಲ್ಲ!"

ಶಿವಾನಿ ರೇಷ್ಮೆ ಹುಳು ಮನೆಯ ಮುಂದೆ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದು ಶೂವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಯಾವ್ದು ಟಕ್ ಅನ್ಲಿಲ್ಲ?" ಎಂದರು ಅಜ್ಜಿ ಅಶ್ವತ್ಥಮ್ಮ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಿ ನೋಡಲೂ ಇಲ್ಲ.

"ಗೋಡೆ ಮೇಲಿರೋ ಬಾಕ್ಸ್. ಇಷ್ಟೊತ್ತಿಗೆ ಟಕ್ ಅನ್ಬೇಕಿತ್ತು."

"ಅನ್ನುತ್ತೆ ಬಿಡೇ. ನೀನು ಶೂ ಹಾಕ್ಕೊಂಡು ಹೊರಡು. ಖೋಖೋ ಖೋಖೋ ಅಂತ ಬೆಳಗ್ಗೆಯಿಂದ ಕುಣೀತಿದ್ದೆಯಲ್ಲ."

ಹೌದು, ಶಿವಾನಿಗೆ ಆ ದಿನ ತುಂಬ ಮುಖ್ಯವಾದ ಕೆಲಸವಿತ್ತು. ತಾಲ್ಲೂಕು ಮಟ್ಟದ ಆಟಕ್ಕೆ ಖೋಖೋ ಟೀಮ್ ಆರಿಸುತ್ತೇನೆ, ಭಾನುವಾರ ಎಲ್ಲರೂ ಗ್ರೌಂಡಿಗೆ ಬನ್ನಿ ಎಂದು ಪಿಟಿ ಸಾರ್ ಅಮರನಾಥ್ ಹೇಳಿದ್ದರು. ಮದ್ರಾಸ್ ಕಡೆ ಸೈಕ್ಲೋನ್ ಎದ್ದಿತ್ತು. ಅದರಿಂದ ತಾಯಲೂರಿನಲ್ಲಿ ಎರಡು ದಿನ ಜಿಟಿಜಿಟಿ ಮಳೆ ಹಿಡಿದಿತ್ತು. ಈಗ ಮಳೆ ನಿಂತಿದ್ದರೂ ಬಿಸಿಲಿಲ್ಲ. ತಣ್ಣನೆಯ ಗಾಳಿ ಮಾತ್ರ ಬೀಸುತ್ತಿತ್ತು.

ಶಿವಾನಿ ಎರಡನೇ ಶೂ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದನ್ನೂ ಬಿಚ್ಚಿಟ್ಟಳು. ಬಾಗಿಲ ಪಕ್ಕದ ನೀರಲ್ಲಿ ಕೈ ತೊಳೆದುಕೊಂಡು, ಟವೆಲಿಗೆ ಒರೆಸಿ, ಮೆಲ್ಲನೆ ಬಾಗಿಲು ತೆರೆದಳು.

ಆ ಹುಳು ಮನೆಯನ್ನು ಅವಳು ತನ್ನ ಫ್ರೆಂಡ್ಸ್ ಮುಂದೆ 'ಹುಳುಗಳ ಅಂಗನವಾಡಿ' ಅನ್ನುತ್ತಿದ್ದಳು. ಅದು ಸುಳ್ಳೇನಲ್ಲ. ರೇಷ್ಮೆ ಹುಳುಗಳು ಮೊಟ್ಟೆಯಿಂದ ಹೊರಬಂದಾಗ ಇರುವೆಗಿಂತ ಚಿಕ್ಕವಾಗಿರುತ್ತವೆ. ಅವನ್ನು ಸಾಕುವುದು ಎಲ್ಲರ ಕೈಲೂ ಆಗುವುದಿಲ್ಲ. ಅದಕ್ಕೇ ಶಿವಾನಿಯ ಅಮ್ಮ ತ್ರಿವೇಣಿ ಅವಕ್ಕೆ ಎಳೆ ಸೊಪ್ಪು ಹೆಚ್ಚಿ ಹಾಕಿ, ಬೆಚ್ಚಗಿಟ್ಟು, ಸ್ವಲ್ಪ ದೊಡ್ಡದು ಮಾಡುತ್ತಿದ್ದರು. ಆಮೇಲೆ ರೈತರು ಬಂದು ತಮ್ಮ ತಮ್ಮ ಮನೆಗೆ ತೆಗೆದುಕೊಂಡು ಹೋಗುತ್ತಿದ್ದರು.

ಹುಳು ಮನೆಯ ಗೋಡೆಗೆ ಒಂದು ಬಾಕ್ಸ್ ಇತ್ತು. ಅದರ ಮೇಲೆ ಕೆಂಪು ಅಂಕಿ. ಒಳಗಿನ ಬಿಸಿ ಇಪ್ಪತ್ತಾರಕ್ಕೆ ಇಳಿದರೆ ಬಾಕ್ಸಿನೊಳಗೆ ಎಲ್ಲೋ ಟಕ್ ಅನ್ನುತ್ತಿತ್ತು. ಆಗ ಬಾಕ್ಸಿನ ಹಸಿರು ದೀಪ ಹತ್ತಿ, ಮೂಲೆಯಲ್ಲಿದ್ದ ಎರಡು ಹೀಟರ್‌ಗಳೂ ಕೆಂಪಗಾಗುತ್ತಿದ್ದವು. ಇಪ್ಪತ್ತೆಂಟಕ್ಕೆ ಏರಿದರೆ ಮತ್ತೆ ಟಕ್. ಹಸಿರು ದೀಪ ಆರುತ್ತಿತ್ತು, ಹೀಟರ್‌ಗಳೂ ಆರುತ್ತಿದ್ದವು. ಆ ಸದ್ದು ಕೇಳುತ್ತಲೇ ಶಿವಾನಿ ಹೋಂವರ್ಕ್ ಮಾಡುತ್ತಿದ್ದಳು, ಜಡೆ ಹಾಕಿಸಿಕೊಳ್ಳುತ್ತಿದ್ದಳು. ಅದು ಕಿವಿಗೆ ಬೀಳುತ್ತಿದೆ ಅಂತಲೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇವತ್ತು ಬೀಳದೇ ಇದ್ದಾಗಲೇ ಗೊತ್ತಾಗಿದ್ದು.

ಕೆಂಪು ಅಂಕಿ ಇಪ್ಪತ್ತೊಂಬತ್ತು ತೋರಿಸುತ್ತಿತ್ತು.

ಹಸಿರು ದೀಪ ಆರಿತ್ತು. ಆದರೆ ಹೀಟರ್‌ಗಳು ಆರಿರಲಿಲ್ಲ! ಎರಡೂ ನಿಗಿನಿಗಿ ಉರಿಯುತ್ತಿದ್ದವು.

"ಅಜ್ಜೀ! ಬೇಗ ಬನ್ನೀ!"

ಅವಳ ದನಿ ಕೇಳಿ ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಬಂದರು. ಬಾಗಿಲೊಳಗೆ ಕೈ ಚಾಚಿದರು. "ಅಯ್ಯೋ ದೇವುಡಾ! ಒಲೆ ಮುಂದೆ ನಿಂತಂಗಿದೆಯಲ್ಲೇ ಅಮ್ಮಡೂ!"

ಬೇರೆ ದಿನವಾಗಿದ್ದರೆ ಇಷ್ಟು ಹೆದರಬೇಕಾಗಿರಲಿಲ್ಲ. ಆದರೆ ಹುಳುಗಳು ನಿನ್ನೆ ಸಾಯಂಕಾಲವೇ ಎರಡನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ. ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂತುಬಿಡುತ್ತವೆ. ಹಳೇ ಚರ್ಮ ಕಳಚಿಕೊಂಡು ಆಮೇಲೆ ಏಳುತ್ತವೆ. ಆಗ ಬಿಸಿ ಹೆಚ್ಚುಕಡಿಮೆ ಆದರೆ ಒಂದಷ್ಟು ಹುಳು ಬೇಗ ಏಳುತ್ತವೆ, ಒಂದಷ್ಟು ತಡವಾಗಿ. ಹಾಗೆ ಹಿಂದೆಮುಂದೆ ಎದ್ದ ಹುಳುಗಳನ್ನು ಸಾಕುವುದು ಬಹಳ ಕಷ್ಟ.

ಈ ಹುಳುಗಳು ರಾಯಲ್ಪಾಡಿನ ಮುನಿರಾಮಪ್ಪನವರ ಮನೆಗೆ ಹೋಗಬೇಕಾಗಿತ್ತು. ಅವರು ನಿನ್ನೆ ತಾನೇ ಫೋನ್ ಮಾಡಿ, "ಮನೆ ತೊಳ್ದು ಔಷಧಿ ಹೊಡ್ದು ರೆಡಿ ಮಾಡಿದೀವಮ್ಮ. ತೋಟದಲ್ಲಿ ಸೊಪ್ಪೂ ಸೊಗಸಾಗಿದೆ" ಎಂದಿದ್ದರು.

ಶಿವಾನಿ ಅಜ್ಜಿಯ ಬಟನ್ ಫೋನಿನಲ್ಲಿ ಅಮ್ಮನಿಗೆ ಕಾಲ್ ಮಾಡಿದಳು. ಅಮ್ಮ ಬೆಳಗ್ಗೆಯೇ ಟೆಂಪೋದಲ್ಲಿ ಇನ್ನೊಂದು ಕೋಣೆಯ ಹುಳುಗಳನ್ನು ತಲುಪಿಸಲು ಆಂಧ್ರ ಗಡಿಯ ಹಳ್ಳಿಗಳ ಕಡೆ ಹೋಗಿದ್ದರು. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಅಪ್ಪ ನರಸಾಪುರದ ಫ್ಯಾಕ್ಟರಿಯಲ್ಲಿದ್ದರು. ಶಿಫ್ಟ್ ಮುಗಿಯುವವರೆಗೂ ಅವರ ಫೋನ್ ಲಾಕರ್‌ನಲ್ಲಿರುತ್ತದೆ.

"ಕಿಟಕಿ ತೆಗೆದುಬಿಡ್ಲಾ?" ಎಂದರು ಅಜ್ಜಿ.

"ಬೇಡಜ್ಜಿ! ಕಿಟಕಿ ಪಕ್ಕದ ಹುಳುಗಳಿಗೆ ಚಳಿಗಾಳಿ ಹೊಡೆಯುತ್ತೆ. ಮೂಲೇಲಿರೋವು ಬೇಯ್ತಾನೇ ಇರ್ತವೆ." ಶಿವಾನಿ ಹೊರಗಿನ ಗೋಡೆಯ ಕಡೆ ಕೈ ತೋರಿಸಿದಳು. "ಬೋರ್ಡಲ್ಲಿ ಹೀಟರ್ ಸ್ವಿಚ್ ಇದೆ. ಅದನ್ನ ಆಫ್ ಮಾಡ್ಬೇಕು. ಆದ್ರೆ ನಾನು ಬೋರ್ಡ್ ಮುಟ್ಟಂಗಿಲ್ಲ. ಅಮ್ಮ ಹೇಳಿದಾರೆ."

ಅಜ್ಜಿಯ ಮುಖ ಸಣ್ಣದಾಯಿತು.

ಅಜ್ಜಿಗೆ ಕರೆಂಟ್ ಅಂದರೆ ಭಯ. ಹಿಂದೆ ಯಾವಾಗಲೋ ಬೋರ್‌ವೆಲ್ ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆಸಿಕೊಂಡಿದ್ದರು. ಅವತ್ತಿನಿಂದ ಅಡುಗೆಮನೆಯ ಲೈಟನ್ನೂ ಬೇರೆಯವರ ಕೈಲೇ ಹಾಕಿಸುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕತ್ತಲಲ್ಲೇ ಕೂತಿರುತ್ತಿದ್ದರು.

"ಪಕ್ಕದ ಮನೆಯೋರ್ನ ಕರೀಲಾ?" ಎಂದರು.

"ಅವ್ರು ಬೆಳಗ್ಗೆನೇ ಮುಳಬಾಗಿಲಿಗೆ ಹೋದ್ರು, ಮದುವೆಗೆ."

ಶಿವಾನಿ ಮತ್ತೆ ಒಳಗೆ ಇಣುಕಿದಳು. ಮೂವತ್ತು.

ಅಜ್ಜಿ ಸೆರಗಿನಿಂದ ಎರಡೂ ಕೈ ಒರೆಸಿಕೊಂಡರು. ಒಮ್ಮೆ ಒರೆಸಿದ್ದು ಸಾಲದೆಂದು ಮತ್ತೊಮ್ಮೆ ಒರೆಸಿದರು. ರಬ್ಬರ್ ಚಪ್ಪಲಿ ಮೆಟ್ಟಿ, ಅದರ ಕೆಳಗೆ ಊಟದ ಮಣೆಯನ್ನೂ ಹಾಕಿಕೊಂಡು ನಿಂತರು. ಕಣ್ಣು ಮುಚ್ಚಿದರು.

"ಕಣ್ ಮುಚ್ಚಬೇಡಿ ಅಜ್ಜಿ! ಬೇರೆ ಸ್ವಿಚ್ ಒತ್ತಿಬಿಡ್ತೀರ!"

"ಆಂಜನೇಯಸ್ವಾಮೀ, ನೀನೇ ದಿಕ್ಕು" ಎಂದು ಅಜ್ಜಿ ಒಂದು ಕಣ್ಣು ತೆರೆದು ಸ್ವಿಚ್ಚನ್ನು ಒತ್ತಿದರು.

ಒಳಗೆ ಹೀಟರ್‌ಗಳ ಕೆಂಪು ನಿಧಾನವಾಗಿ ಕಂದಾಯಿತು. ಆಮೇಲೆ ಕಪ್ಪಾಯಿತು. ಅಂಕಿ ಮೂವತ್ತೊಂದರವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಇಳಿಯತೊಡಗಿತು.

ಅಜ್ಜಿ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಬಾಕ್ಸಿನ ಮುಚ್ಚಳದ ಮೇಲೆ ಎಲೆಕ್ಟ್ರಿಷಿಯನ್ ಅನಿಲ್‌ಕುಮಾರ್ ತನ್ನ ನಂಬರ್ ಅಂಟಿಸಿದ್ದ. ಬಾಕ್ಸ್ ಹಾಕಿಕೊಟ್ಟವನು ಅವನೇ. ಶಿವಾನಿ ಅವನಿಗೆ ಫೋನ್ ಮಾಡಿ, ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ತಡಿ ತಡಿ" ಎಂದ ಅನಿಲ್‌ಕುಮಾರ್. "ಹಸಿರು ಲೈಟ್ ಆಫ್ ಆಗಿತ್ತು, ಹೀಟರ್ ಮಾತ್ರ ಉರೀತಾ ಇತ್ತು. ಅಲ್ವಾ?"

"ಹೂಂ ಅಣ್ಣ. ಟಕ್ ಅಂತಲೂ ಅನ್ಲಿಲ್ಲ."

"ಹಾಗಾದ್ರೆ ಒಳಗಡೆ ಹೀಟರ್ ಹಚ್ಚಿ ಆರಿಸೋ ರಿಲೇ ಅಂಟ್ಕೊಂಡಿದೆ. ಬಾಕ್ಸ್ ತೆಗೀಬೇಡಿ, ಅದರೊಳಗೆ ಕರೆಂಟ್ ಇರುತ್ತೆ. ಆದ್ರೆ ನಾನು ಈಗ್ಲೇ ಬರೋಕಾಗಲ್ಲಮ್ಮ. ಹಾಲಿನ ಡೈರೀಲಿ ಇದೀನಿ. ಹಾಲು ತಣ್ಣಗೆ ಮಾಡೋ ಮೆಷಿನ್ ಸ್ಟಾರ್ಟೇ ಆಗ್ತಿಲ್ಲ. ಬಿಟ್ಟು ಬಂದ್ರೆ ಇಡೀ ಊರಿನ ಹಾಲು ಒಡೆದೋಗುತ್ತೆ."

"ಮತ್ತೆ ಹುಳು? ಹೀಟರ್ ಆರಿಸಿಬಿಟ್ಟಿದೀವಿ. ಚಳಿ ಆಗುತ್ತಲ್ಲ!"

"ನಾನು ಬರೋವರೆಗೂ ಆ ರಿಲೇ ಕೆಲಸ ನೀವೇ ಮಾಡ್ಬೇಕು. ಇಪ್ಪತ್ತಾರಕ್ಕೆ ಇಳಿದ್ರೆ ಆನ್. ಇಪ್ಪತ್ತೆಂಟು ಆದ್ರೆ ಆಫ್. ಬೋರ್ಡನ್ನ ಅಜ್ಜೀನೇ ಮುಟ್ಲಿ. ನೀನು ನಂಬರ್ ನೋಡ್ತಾ ಇರು. ಸರೀನಾ?"

ಶಿವಾನಿ ಸರಿ ಎಂದಳು. ಫೋನ್ ಇಟ್ಟ ಮೇಲೆ ಅವಳಿಗೆ ಬಾಗಿಲ ಬಳಿ ಬಿಚ್ಚಿಟ್ಟ ಶೂ ಕಾಣಿಸಿತು.

"ಅಜ್ಜಿ, ನೀವೊಬ್ರೇ ನೋಡ್ಕೊಳ್ಳೋಕಾಗಲ್ವಾ? ನಂಬರ್ ನೋಡೋದು, ಹೊರಗೆ ಬಂದು ಒತ್ತೋದು. ಅಷ್ಟೇ."

"ನನ್ನ ಕಣ್ಣಿಗೆ ಆ ಅಂಕಿ ಎಲ್ಲಿ ಕಾಣುತ್ತೇ? ಆರೋ ಎಂಟೋ, ಎರಡೂ ಒಂದೇ ಥರ ಕಾಣ್ತವೆ." ಅಜ್ಜಿ ಮೊಮ್ಮಗಳ ಮುಖ ನೋಡಿದರು. ಆಮೇಲೆ ಮೆತ್ತಗೆ, "ಹೋಗ್ಬೇಕು ಅಂದ್ರೆ ಹೋಗಮ್ಮ. ಹೇಗೋ ಮಾಡ್ತೀನಿ" ಎಂದರು.

ಹೇಗೋ ಮಾಡಲು ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಶಿವಾನಿ ಒಳಗೆ ಹೋಗಿ, ಬಾಕ್ಸಿನ ಎದುರು ಗೋಣಿಚೀಲ ಹಾಸಿಕೊಂಡು ಕೂತಳು. ಅಜ್ಜಿ ಹೊರಗೆ ಬೋರ್ಡಿನ ಕೆಳಗೆ ಮಣೆಯ ಮೇಲೆ ನಿಂತರು. ನಡುವೆ ಮುಚ್ಚಿದ ಬಾಗಿಲು.

"ಇಪ್ಪತ್ತೇಳು... ಇಪ್ಪತ್ತೇಳು... ಇಪ್ಪತ್ತಾರು! ಅಜ್ಜೀ, ಆನ್!"

"ಆಂಜನೇಯಾ!"

ಹೀಟರ್‌ಗಳು ಕೆಂಪಗಾದವು.

"ಇಪ್ಪತ್ತೆಂಟು! ಆಫ್!"

"ಆಂಜನೇಯಾ!"

ಹೀಗೇ ನಡೆಯಿತು. ಮೊದಮೊದಲು ಅಜ್ಜಿ ಪ್ರತಿ ಸಲವೂ ಕೈ ಒರೆಸಿಕೊಂಡು, ದೇವರನ್ನು ಕೂಗಿ ಸ್ವಿಚ್ ಒತ್ತುತ್ತಿದ್ದರು. ಬರಬರುತ್ತಾ ಕೂಗು ಗೊಣಗಾಯಿತು. ಆಮೇಲೆ ಆಂಜನೇಯಸ್ವಾಮಿಗೆ ರಜ ಸಿಕ್ಕಿತು. ಬರೀ "ಆಯ್ತು" ಎಂಬ ಮಾತು ಕೇಳಿಸತೊಡಗಿತು. ಅಜ್ಜಿ ಅವರೆಕಾಯಿ ಮೊರವನ್ನೂ ಪಕ್ಕಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಹೊರಗೆ ಸೈಕಲ್ ಬೆಲ್ ಕೇಳಿಸಿತು. ಶಿವಾನಿಯ ಫ್ರೆಂಡ್ ಶ್ರೀವಾಣಿ ಬಂದಿದ್ದಳು.

"ಲೇ ಶಿವಾನಿ! ಎಲ್ಲೇ ಇದೀಯ? ಎಲ್ಲಾರೂ ಬಂದಿದಾರೆ. ಸಾರ್ ಹೆಸರು ಬರ್ಕೊಳ್ತಿದಾರೆ. ಬಾರೇ!"

ಶಿವಾನಿ ಬಾಗಿಲ ಸಂದಿಯಿಂದ ಹೊರಗೆ ನೋಡಿದಳು. ಶ್ರೀವಾಣಿಯ ಮೊಣಕಾಲಿಗೆಲ್ಲ ಆಗಲೇ ಕೆಂಪು ಮಣ್ಣು ಮೆತ್ತಿತ್ತು.

"ಬರೋಕಾಗಲ್ಲ ಕಣೇ. ಹೀಟರ್ ಕೆಟ್ಟೋಗಿದೆ."

"ಹೀಟರ್ ಕೆಟ್ರೆ ನೀನ್ಯಾಕೆ ಬೇಕು? ನೀನೇನು ಮೆಕ್ಯಾನಿಕ್ಕಾ?"

"ಹುಳು ಜ್ವರಕ್ಕೆ ಕೂತಿದೆ. ಬಿಟ್ಟು ಬಂದ್ರೆ..." ಶಿವಾನಿ ತಿರುಗಿ ಅಂಕಿ ನೋಡಿದಳು. "ನೀನು ಹೋಗೇ. ಲೇಟಾದ್ರೆ ನಿನ್ನ ಹೆಸರೂ ಬಿಟ್ಟುಬಿಡ್ತಾರೆ."

ಶ್ರೀವಾಣಿ ಸೈಕಲ್ ಹತ್ತಿ ಹೊರಟುಹೋದಳು.

ಶಿವಾನಿ ಬಂದು ಗೋಣಿಚೀಲದ ಮೇಲೆ ಕೂತಳು. ತಾನು ಹೋಗದಿದ್ದರೆ ಆ ಉದ್ದ ಜಡೆಯ ಆರನೇ ಕ್ಲಾಸಿನವಳನ್ನು ಟೀಮಿಗೆ ಹಾಕಿಕೊಳ್ಳುತ್ತಾರೆ. ಅವಳಿಗೆ ಕಂಬ ಸುತ್ತಿ ತಿರುಗಲೂ ಬರುವುದಿಲ್ಲ! ಈ ಹುಳುಗಳಿಗೆ ಇವತ್ತೇ ಜ್ವರ ಬರಬೇಕಿತ್ತೇ? ಅಮ್ಮ ಇವತ್ತೇ ಹೋಗಬೇಕಿತ್ತೇ? ಕಣ್ಣಲ್ಲಿ ನೀರು ತುಂಬಿ, ಕೆಂಪು ಅಂಕಿಗಳು ಮಸುಕಾದವು. ಅವಳು ಮಂಡಿಯಲ್ಲಿ ಮುಖ ಹುದುಗಿಸಿಕೊಂಡಳು.

"ಏನೇ ಅಮ್ಮಡೂ, ಮಾತೇ ಇಲ್ಲ?" ಹೊರಗಿನಿಂದ ಅಜ್ಜಿ ಕೂಗಿದರು. "ಇಷ್ಟೊತ್ತಿಗೆ ಹೇಳ್ಬೇಕಿತ್ತಲ್ಲ?"

ಶಿವಾನಿ ಬೆಚ್ಚಿಬಿದ್ದು ತಲೆ ಎತ್ತಿದಳು. ಇಪ್ಪತ್ತೊಂಬತ್ತು!

"ಆಫ್! ಆಫ್ ಅಜ್ಜೀ, ಆಫ್!"

"ಆಯ್ತು, ಆಯ್ತು. ಆರಿಸ್ದೆ."

ಶಿವಾನಿ ಎದ್ದು ಹತ್ತಿರದ ತಟ್ಟೆಯೊಂದನ್ನು ನೋಡಿದಳು. ಸಾವಿರಾರು ಹುಳುಗಳು ತಲೆಯನ್ನು ಒಂದಿಷ್ಟೇ ಮೇಲಕ್ಕೆತ್ತಿಕೊಂಡು, ಕಲ್ಲಿನಂತೆ ಕೂತಿದ್ದವು. ಅವಕ್ಕೆ ಸೆಕೆಯಾದರೆ ಎದ್ದು ಆಚೆ ಹೋಗಲು ಬರುವುದಿಲ್ಲ. ಚಳಿಯಾದರೆ ಹೊದ್ದುಕೊಳ್ಳಲು ಬರುವುದಿಲ್ಲ. ಅಮ್ಮಾ ಅಂತ ಕೂಗಲೂ ಬರುವುದಿಲ್ಲ.

ಅವಳು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ಈ ಸಲ ಕೂರಲಿಲ್ಲ. ಬಾಕ್ಸಿನ ಮುಂದೆ ನಿಂತೇ ಇದ್ದಳು.

ಊಟದ ಹೊತ್ತಿಗೆ ಅಜ್ಜಿ ಬಾಗಿಲನ್ನು ಸ್ವಲ್ಪವೇ ತೆರೆದು, ಕರೆದು ಬಾಯಿಗೆ ಮುದ್ದೆ ತುತ್ತು ಹಾಕಿದರು. ಶಿವಾನಿ ಅಂಕಿಯ ಮೇಲಿನ ಕಣ್ಣು ತೆಗೆಯದೆ ನುಂಗಿದಳು. ಸಾರು ಗಲ್ಲದ ಮೇಲೆ ಇಳಿಯಿತು.

ಮಧ್ಯಾಹ್ನ ಕಳೆದು ಎಷ್ಟೋ ಹೊತ್ತಾದ ಮೇಲೆ ಬೈಕಿನ ಸದ್ದು ಕೇಳಿಸಿತು. ಅನಿಲ್‌ಕುಮಾರ್ ರೈನ್‌ಕೋಟ್ ಹಾಕಿಕೊಂಡೇ ಒಳಗೆ ಬಂದ. ಅವನ ಹತ್ತಿರ ಹಾಲಿನ ವಾಸನೆ ಬರುತ್ತಿತ್ತು.

ಅವನು ಮೊದಲು ಮೇನ್ ಸ್ವಿಚ್ ಇಳಿಸಿದ. ಟೆಸ್ಟರ್ ಇಟ್ಟು ನೋಡಿದ. ಆಮೇಲೇ ಬಾಕ್ಸಿಗೆ ಕೈ ಹಾಕಿದ್ದು. ಒಳಗಿನಿಂದ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ನೀಲಿ ಡಬ್ಬಿಯನ್ನು ಬಿಚ್ಚಿ ತೆಗೆದ.

"ಇದೇನಾ ರಿಲೇ? ಇಷ್ಟೇನಾ?" ಎಂದಳು ಶಿವಾನಿ.

"ಇಷ್ಟೇ." ಅವನು ಬ್ಲೇಡಿನಿಂದ ಅದರ ಮುಚ್ಚಳ ಎಬ್ಬಿಸಿದ. ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ, ಅದರ ಮೇಲೊಂದು ಕಬ್ಬಿಣದ ಪಟ್ಟಿ, ಪುಟ್ಟ ಸ್ಪ್ರಿಂಗ್. "ಸ್ಕೂಲಲ್ಲಿ ಮೊಳೆಗೆ ತಂತಿ ಸುತ್ತಿ ಆಯಸ್ಕಾಂತ ಮಾಡಿದೀರಾ?"

"ಮಾಡಿದೀವಿ. ಗುಂಡುಸೂಜಿ ಎಲ್ಲ ಎತ್ತಿತು. ಸೆಲ್ ತೆಗೆದ್ರೆ ಉದುರಿಹೋದ್ವು."

"ಅದೇ ಇದು. ಬಿಸಿ ಕಮ್ಮಿ ಆದ್ರೆ ಬಾಕ್ಸು ಈ ತಂತಿಗೆ ಚೂರು ಕರೆಂಟ್ ಕೊಡುತ್ತೆ. ಇದು ಆಯಸ್ಕಾಂತ ಆಗಿ, ಪಟ್ಟೀನ ಎಳ್ಕೊಳ್ಳುತ್ತೆ. ಟಕ್! ಪಟ್ಟಿಯ ತುದಿ ಹೋಗಿ ಹೀಟರ್ ಲೈನಿಗೆ ತಾಗುತ್ತೆ. ಹೀಟರ್ ಆನ್. ಬಿಸಿ ಸಾಕಾದ್ರೆ ಬಾಕ್ಸು ಆ ಕರೆಂಟ್ ನಿಲ್ಲಿಸುತ್ತೆ. ಆಯಸ್ಕಾಂತ ಹೋಯ್ತು. ಸ್ಪ್ರಿಂಗು ಪಟ್ಟೀನ ವಾಪಸ್ ಎಳೆಯುತ್ತೆ. ಟಕ್! ಹೀಟರ್ ಆಫ್."

ಅವನು ಜೇಬಿನಿಂದ ಹೊಸದೊಂದು ರಿಲೇ ತೆಗೆದು ಅವಳ ಅಂಗೈ ಮೇಲಿಟ್ಟ. ಸಣ್ಣ ಬ್ಯಾಟರಿಯೊಂದರ ವೈರುಗಳನ್ನು ಅದಕ್ಕೆ ತಾಗಿಸಿದ. ಟಕ್! ಯಾರೋ ಒಳಗಿನಿಂದ ಉಗುರಲ್ಲಿ ತಟ್ಟಿದಂತೆ ಅವಳ ಅಂಗೈಗೆ ತಿಳಿಯಿತು. ವೈರು ತೆಗೆದ. ಟಕ್!

"ಬಾಕ್ಸೇ ಸೀದಾ ಹೀಟರ್‌ಗೆ ಕರೆಂಟ್ ಕೊಡಬಹುದಲ್ಲ ಅಣ್ಣ? ಮಧ್ಯದಲ್ಲಿ ಇದ್ಯಾಕೆ?"

"ಹೀಟರ್ ಎಳೆಯೋ ಕರೆಂಟು ಆ ಬಾಕ್ಸಿನ ಸಣ್ಣ ಸರ್ಕ್ಯೂಟ್ ಒಳಗೆ ಹರಿದ್ರೆ ಸುಟ್ಟು ಬೂದಿ ಆಗುತ್ತೆ. ಅದಕ್ಕೆ ಬಾಕ್ಸು ಬರೀ ಹೇಳುತ್ತೆ. ಮಾಡೋದು ಇದು."

"ಖೋ ಕೊಟ್ಟಂಗೆ!" ಎಂದಳು ಶಿವಾನಿ ತಟ್ಟನೆ. "ಖೋ ಅಂದೋರು ಕೂತ್ಕೊತಾರೆ, ಕೇಳಿಸ್ಕೊಂಡೋರು ಎದ್ದು ಓಡ್ತಾರೆ."

ಅನಿಲ್‌ಕುಮಾರ್ ನಕ್ಕ. "ಡೈರೀಲಿ ಇದರ ಅಣ್ಣ ಇದಾನೆ. ಅಲ್ಲಿ ಬಿಸಿ ಜಾಸ್ತಿ ಆದ್ರೆ ಕೂಲಿಂಗ್ ಆನ್ ಮಾಡ್ಬೇಕು. ಅವನು ಇವತ್ತು ಎಷ್ಟು ಖೋ ಅಂದ್ರೂ ಏಳಲೇ ಇಲ್ಲ. ಇಲ್ಲಿ ಇವನು ಎದ್ದೋನು ಕೂರಲೇ ಇಲ್ಲ." ಹಳೆಯ ರಿಲೇಯ ಪಟ್ಟಿಯ ತುದಿ ಕರಿ ಹಿಡಿದು, ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದನ್ನು ತೋರಿಸಿದ. "ನೋಡು. ಬಿಡುವಾಗೆಲ್ಲ ಕಿಡಿ ಹಾರಿ ಹಾರಿ ಹೀಗಾಗಿದೆ. ನಾನು ಒಂದು ಹೀಟರ್‌ಗೆ ಅಂತ ಹಾಕಿದ್ದು. ಈಗ ಎರಡು ಎಳೀತಿದೆ."

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಗ್ಗಿ ಆ ಡಬ್ಬಿಯನ್ನು ನೋಡಿದರು. "ಅಂದ್ರೆ ಬೆಳಗ್ಗೆಯಿಂದ ನಾನೇ ಇದಾಗಿದ್ನಾ?"

"ಹೂಂ ಅಜ್ಜಿ. ಅದೂ ಅಂಟ್ಕೊಳ್ಳದೇ ಇರೋದು!"

ಅಜ್ಜಿ ನಕ್ಕ ನಗುವಿಗೆ ಜಗಲಿಯ ಮೇಲಿದ್ದ ಬೆಕ್ಕು ಎದ್ದು ಓಡಿತು.

ಅನಿಲ್‌ಕುಮಾರ್ ಬಾಕ್ಸಿಗೆ ಹೊಸ ನೀಲಿ ಡಬ್ಬಿ ಹಾಕಿದ. ಅದರ ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ದೊಡ್ಡ ರಿಲೇಯನ್ನೂ ಕೂರಿಸಿದ. ಇನ್ನು ಮೇಲೆ ಚಿಕ್ಕದು ದೊಡ್ಡದಕ್ಕೆ ಹೇಳುತ್ತದೆ. ದೊಡ್ಡದು ಎರಡು ಹೀಟರ್‌ಗಳ ಭಾರ ಹೊರುತ್ತದೆ.

ಮೇನ್ ಹಾಕಿದಾಗ ಎರಡು ಸದ್ದು ಬಂದವು. ಟಕ್, ಅದರ ಹಿಂದೆಯೇ ಧಡ್.

ಅವನು ಸಾಮಾನು ಎತ್ತಿಡುವ ಹೊತ್ತಿಗೆ ಅಮ್ಮ ಬಂದರು. ದಾರಿಯಲ್ಲಿ ಸಿಗ್ನಲ್ ಸಿಕ್ಕು, ಅಜ್ಜಿಯ ಫೋನಿನಿಂದ ಬಂದ ಮಿಸ್ಡ್ ಕಾಲ್‌ಗಳನ್ನು ನೋಡಿ ಗಾಬರಿಯಾಗಿದ್ದರು. ಎಲ್ಲವನ್ನೂ ಕೇಳಿ, "ಎರಡನೇ ಹೀಟರ್ ನಾನೇ ಸಿಕ್ಕಿಸಿದ್ದು ಅಣ್ಣ, ಚಳಿ ಜಾಸ್ತಿ ಅಂತ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು" ಎಂದರು. ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋಗಿ, ಟಾರ್ಚ್ ಹಿಡಿದು ಒಂದೊಂದೇ ತಟ್ಟೆ ನೋಡಿದರು.

"ಎಷ್ಟಕ್ಕೆ ಏರಿತ್ತು?"

"ಮೂವತ್ತೊಂದು. ಸ್ವಲ್ಪ ಹೊತ್ತು." ಶಿವಾನಿ ಬಾಕ್ಸಿನ ಕಡೆ ನೋಡಿದಳು. "ಆಮೇಲೆ ಒಂದ್ಸಲ ಇಪ್ಪತ್ತೊಂಬತ್ತು. ಅದು ನಾನು ನೋಡ್ಲಿಲ್ಲ. ಅಳ್ತಾ ಇದ್ದೆ."

ಅಮ್ಮ ಬೈಯಲಿಲ್ಲ. ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. "ಈಗ ಏನೂ ಹೇಳೋಕಾಗಲ್ಲ ಕಣೇ. ನಾಳೆ ಏಳ್ತವಲ್ಲ, ಆಗ ಗೊತ್ತಾಗುತ್ತೆ."

ಕತ್ತಲಾಗುವ ಮುಂಚೆ ಶ್ರೀವಾಣಿ ಮತ್ತೆ ಬಂದಳು. "ಸಾರ್‌ಗೆ ಎಲ್ಲಾ ಹೇಳ್ದೆ ಕಣೇ. ಟೀಮ್ ಆಗೋಯ್ತಂತೆ. ಆದ್ರೆ ಎಕ್ಸ್‌ಟ್ರಾ ಒಬ್ರು ಬೇಕಂತೆ. ನಾಳೆ ಸಾಯಂಕಾಲ ನಿನ್ನ ಓಡಿಸಿ ನೋಡ್ತಾರಂತೆ."

"ಎಕ್ಸ್‌ಟ್ರಾನಾ?"

"ಹೂಂ. ಎಕ್ಸ್‌ಟ್ರಾಗೂ ಟೀ ಶರ್ಟ್ ಕೊಡ್ತಾರೆ!"

ಶಿವಾನಿಗೆ ನಗು ಬಂತು. ಪೂರ್ತಿ ಖುಷಿಯಾಗಲಿಲ್ಲ. ಆದರೂ ನಗು ಬಂತು.

ಸೋಮವಾರ ಬೆಳಗ್ಗೆ, ಸ್ಕೂಲಿಗೆ ಹೊರಡುವ ಮುಂಚೆಯೇ ಮುನಿರಾಮಪ್ಪ ಗೂಡ್ಸ್ ಆಟೋ ಮಾಡಿಕೊಂಡು ಬಂದರು. ತಲೆಗೆ ಮಫ್ಲರ್ ಸುತ್ತಿಕೊಂಡಿದ್ದರು. ಅಮ್ಮ ಅವರಿಗೆ ಕಾಫಿ ಕೊಡುವ ಮೊದಲೇ ವಿಷಯ ಹೇಳಿದರು. "ನಿನ್ನೆ ಹೀಟರ್ ತೊಂದರೆ ಕೊಟ್ಟಿತ್ತು ಮುನಿರಾಮಣ್ಣ. ಸ್ವಲ್ಪ ಹೊತ್ತು ಬಿಸಿ ಏರಿತ್ತು. ನೀವೇ ನೋಡಿ, ಆಮೇಲೆ ತಗೊಂಡ್ಹೋಗಿ."

ಮುನಿರಾಮಪ್ಪ ಕಾಫಿ ಲೋಟವನ್ನು ಹಾಗೇ ಇಟ್ಟು, ಕೈ ತೊಳೆದುಕೊಂಡು ಹುಳು ಮನೆಗೆ ಹೋದರು. ಶಿವಾನಿ ಯೂನಿಫಾರಮ್ಮಿನಲ್ಲೇ ಅವರ ಹಿಂದೆ ಹೋದಳು. ಅಜ್ಜಿಯೂ ಬಂದು ಬಾಗಿಲಲ್ಲಿ ನಿಂತರು.

ಶಿವಾನಿ ರಾತ್ರಿಯೆಲ್ಲ ಹೇಳಬೇಕಾದ ಕತೆಯನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಟಕ್ ಅನ್ನದೇ ಇದ್ದದ್ದು, ಅಜ್ಜಿ ಒಂದು ಕಣ್ಣು ಮುಚ್ಚಿ ಸ್ವಿಚ್ ಒತ್ತಿದ್ದು, ತಾನು ಖೋಖೋ ಬಿಟ್ಟಿದ್ದು, ಎಲ್ಲವನ್ನೂ ಮುನಿರಾಮಪ್ಪ ತಾತನಿಗೆ ಹೇಳಬೇಕು ಅಂದುಕೊಂಡಿದ್ದಳು. ಈಗ ಅವರ ಕೈಯನ್ನೇ ನೋಡುತ್ತಾ ನಿಂತಳು.

ಮುನಿರಾಮಪ್ಪ ಒಂದು ತಟ್ಟೆ ಎಳೆದರು. ಬಗ್ಗಿ ನೋಡಿದರು. ಅದನ್ನು ತಳ್ಳಿ ಇನ್ನೊಂದನ್ನು ಎಳೆದರು. ಮೂಲೆಯ ತಟ್ಟೆಯನ್ನೂ ನೋಡಿದರು, ಕಿಟಕಿ ಪಕ್ಕದ್ದನ್ನೂ ನೋಡಿದರು. ಎಲ್ಲ ತಟ್ಟೆಗಳಲ್ಲೂ ಹುಳುಗಳು ಹೊಸ ಚರ್ಮದಲ್ಲಿ ಮಾಸಲು ಬಿಳುಪಾಗಿ, ತಲೆ ಆಡಿಸುತ್ತಾ, ಸೊಪ್ಪು ಎಲ್ಲಿ ಎಂದು ಹುಡುಕುತ್ತಿದ್ದವು. ಅಲ್ಲೊಂದು ಇಲ್ಲೊಂದು ಮಾತ್ರ ಇನ್ನೂ ಕೂತಿತ್ತು.

"ಒಂದೇ ಸಮ ಎದ್ದಿದೆಯಲ್ಲಮ್ಮ" ಎಂದರು ಮುನಿರಾಮಪ್ಪ. ಕನ್ನಡಕವನ್ನು ಮೇಲಕ್ಕೆ ತಳ್ಳಿ ಅಮ್ಮನ ಕಡೆ ತಿರುಗಿದರು. "ಹೀಟರ್ ಕೆಟ್ಟಿತ್ತು ಅಂತೀರಿ. ನೀವು ಹೇಳದೇ ಇದ್ರೆ ಗೊತ್ತೇ ಆಗ್ತಿರ್ಲಿಲ್ಲ."

ಅಮ್ಮ ಉಸಿರು ಬಿಟ್ಟರು. ಅಜ್ಜಿ ಸೆರಗಿನ ಮರೆಯಲ್ಲಿ ಬಾಯಿ ಮುಚ್ಚಿಕೊಂಡರು.

ಶಿವಾನಿ ಬಾಯಿ ತೆರೆದಳು. ಕತೆ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮುನಿರಾಮಪ್ಪ ತಾತ ಆಗಲೇ ಬೇರೆ ಯೋಚನೆಯಲ್ಲಿದ್ದರು. ಮನೆ ಮುಟ್ಟಿದ ಕೂಡಲೇ ಮೊದಲ ಸೊಪ್ಪು ಹಾಕಬೇಕು, ಸೊಸೆ ಹೆಚ್ಚಿಟ್ಟುಕೊಂಡು ಕಾಯುತ್ತಿರುತ್ತಾಳೆ ಎಂದು ಅಮ್ಮನ ಹತ್ತಿರ ಮಾತಾಡುತ್ತಿದ್ದರು. ಅವರ ಮುಖದಲ್ಲಿ ಚಿಂತೆಯೆಂಬುದೇ ಇರಲಿಲ್ಲ.

ಆ ಮುಖವನ್ನು ನೋಡುತ್ತಾ ಶಿವಾನಿ ತೆರೆದ ಬಾಯಿಯನ್ನು ಮುಚ್ಚಿದಳು. ನಿನ್ನೆ ಪೂರ್ತಿ ದಿನ ಅವಳೂ ಅಜ್ಜಿಯೂ ಕೂಗಿದ್ದು, ಒತ್ತಿದ್ದು, ಕಾದದ್ದು ಇದಕ್ಕೇ ಅಲ್ಲವೇ? ಹುಳು ನೋಡಿದಾಗ ಈ ತಾತನಿಗೆ ಯಾವ ವ್ಯತ್ಯಾಸವೂ ಕಾಣದೇ ಇರಲಿ ಅಂತ.

"ತಾತ, ಈ ಕಡೆ ನಾನು ಹಿಡ್ಕೊತೀನಿ" ಎಂದಳು.

ಇಬ್ಬರೂ ಮೊದಲ ತಟ್ಟೆಯ ಎರಡು ತುದಿ ಹಿಡಿದು, ಅಲುಗಿಸದಂತೆ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಆಟೋದ ಕಡೆ ನಡೆದರು.